ಝರಿ ಮತ್ತು ದಾರಿ: ಬೀದರ್‌ನ ನಾನಕ ಝೀರಾ ಗುರುದ್ವಾರದ ಚರಿತ್ರೆ

ಬೀದರ್ ನಗರದ ಅಂಚಿನಲ್ಲಿ, ಮೂರು ಕಡೆ ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳು ಸುತ್ತುವರಿದ ತಗ್ಗಿನಲ್ಲಿ ನಿಂತಿರುವ ನಾನಕ ಝೀರಾ ಸಾಹೇಬ್ ಗುರುದ್ವಾರವು ಕರ್ನಾಟಕದ ಸಿಖ್ ಕ್ಷೇತ್ರಗಳಲ್ಲಿ ಅಗ್ರಸ್ಥಾನದಲ್ಲಿದೆ. 2011ರ ಜನಗಣತಿಯ ಪ್ರಕಾರ ಇಡೀ ರಾಜ್ಯದಲ್ಲಿ ಸಿಖ್ಖರ ಸಂಖ್ಯೆ ಸುಮಾರು 28 ಸಾವಿರ ಮಾತ್ರ. ಆದರೂ ಗುರುನಾನಕ ಜಯಂತಿ, ಹೋಳಿ ಮತ್ತು ದಸರೆಯ ದಿನಗಳಲ್ಲಿ ಈ ತಗ್ಗಿನಲ್ಲಿ ಸೇರುವ ಜನಸ್ತೋಮವನ್ನು ಕಂಡವರಿಗೆ ಅಷ್ಟು ಸಣ್ಣ ಸಮುದಾಯದ ಕ್ಷೇತ್ರವಿದು ಎಂದು ನಂಬುವುದು ಕಷ್ಟ. ಪಂಜಾಬಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ, ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆತ ಈ ಗಡಿನಾಡಿನಲ್ಲಿ ಸಿಖ್ ಕ್ಷೇತ್ರವೊಂದು ಹೇಗೆ ಬೇರೂರಿತು ಎಂಬ ಪ್ರಶ್ನೆಗೆ ಉತ್ತರವನ್ನು ಒಂದೇ ಘಟನೆಯಲ್ಲಿ, ಒಬ್ಬನೇ ಮಹಾಪುರುಷನ ಆಗಮನದಲ್ಲಿ ಹುಡುಕುವುದು ವಾಡಿಕೆ. ಆದರೆ ಐದಾರು ಶತಮಾನಗಳ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ, ದಖ್ಖನ್ ಮತ್ತು ಪಂಜಾಬುಗಳ ನಡುವೆ ಎರಡೂ ದಿಕ್ಕಿಗೆ ನಡೆದ ಜನಸಂಚಾರವೇ ಈ ಗುರುದ್ವಾರವನ್ನು ಕಟ್ಟಿತೆಂಬುದು ಸ್ಪಷ್ಟವಾಗುತ್ತದೆ.

ಈ ಚರಿತ್ರೆ ಆರಂಭವಾಗುವುದು ನೆಲದಡಿಯ ನೀರಿನಿಂದ. ಬೀದರ್ ನಿಂತಿರುವ ಪ್ರಸ್ಥಭೂಮಿಯ ಮೇಲ್ಪದರವು ಜಂಬಿಟ್ಟಿಗೆಯದು. ಕಬ್ಬಿಣದ ಅಂಶದಿಂದ ಕೆಂಪಾದ, ತೂತುತೂತಾದ ಈ ಕಲ್ಲು ಮಳೆನೀರನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಅದರ ಕೆಳಗಿರುವ ಜೇಡಿಯ ಪದರವೂ ಕಪ್ಪು ಕಲ್ಲಿನ ಹಾಸೂ ನೀರನ್ನು ಸುಲಭವಾಗಿ ಇಳಿಯಗೊಡುವುದಿಲ್ಲವಾದ್ದರಿಂದ, ಹಾಗೆ ಇಂಗಿದ ನೀರು ಎರಡೂ ಪದರಗಳು ಕೂಡುವ ಗೆರೆಯಲ್ಲಿ ಅಡ್ಡಡ್ಡ ಹರಿದು, ಗುಡ್ಡದ ಅಂಚು ಕತ್ತರಿಸಿದಂತೆ ಇಳಿಯುವ ಕಡೆ ಝರಿಯಾಗಿ ಹೊರಬೀಳುತ್ತದೆ. ಬೀದರ್‌ನ ಸುತ್ತಲಿನ ಪುಣ್ಯಸ್ಥಳಗಳಲ್ಲಿ ಹಲವು ಇಂತಹ ನೀರಿನ ಬಾಯಿಗಳಲ್ಲೇ ಹುಟ್ಟಿಕೊಂಡಿವೆ. ಪಾಪನಾಶದ ಶಿವಾಲಯದ ಬಳಿ ಝರಿಯುಂಟು. ಎದೆಮಟ್ಟದ ನೀರಿನಲ್ಲಿ ಸುರಂಗದೊಳಗೆ ನಡೆದು ದೇವರ ದರ್ಶನ ಪಡೆಯಬೇಕಾದ ಝರಣಿ ನರಸಿಂಹ ಕ್ಷೇತ್ರ ಹುಟ್ಟಿದ್ದೂ ಇದೇ ಭೂರಚನೆಯಿಂದ. ಬಹಮನಿ ಕಾಲದ ಕುಶಲಕರ್ಮಿಗಳು ಈ ಗುಟ್ಟನ್ನು ಚೆನ್ನಾಗಿ ಅರಿತಿದ್ದರು. ನೌಬಾದ್ ಬಳಿ ಅವರು ತೋಡಿದ ಸುರಂಗ ಬಾವಿ, ಅಂದರೆ ಸಾಲಾಗಿ ತೋಡಿದ ಬಾವಿಗಳನ್ನು ನೆಲದಡಿಯ ಕಾಲುವೆಯಿಂದ ಜೋಡಿಸಿ ನೀರನ್ನು ಇಳಿಜಾರಿನಲ್ಲಿ ತಾನಾಗಿ ಹರಿಯುವಂತೆ ಮಾಡುವ ಕರೇಜ್ ಎಂಬ ವ್ಯವಸ್ಥೆ, ಇರಾನಿನಿಂದ ಬಂದ ವಿದ್ಯೆ.

ವಿದ್ಯೆಯಂತೆ ಜನರೂ ಹೊರಗಿನಿಂದ ಬಂದ ನಗರವದು. 1424ರ ಸುಮಾರಿಗೆ ಬಹಮನಿ ಸುಲ್ತಾನ ಅಹಮದ್ ಶಾಹನು ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರ್‌ಗೆ ಬದಲಾಯಿಸಿದ ಮೇಲೆ ಇರಾನ್, ಇರಾಕ್ ಮತ್ತು ಮಧ್ಯ ಏಷ್ಯಾದ ವಿದ್ವಾಂಸರು, ಸೈನಿಕರು, ವ್ಯಾಪಾರಿಗಳು ಇಲ್ಲಿಗೆ ಹರಿದು ಬಂದರು. 1472ರಲ್ಲಿ ಮದರಸಾ ಕಟ್ಟಿಸಿದ ಪ್ರಧಾನಿ ಮಹಮೂದ್ ಗವಾನನು ಕ್ಯಾಸ್ಪಿಯನ್ ಸಮುದ್ರ ತೀರದ ಗಿಲಾನಿನವನು. ಹೀಗೆ ಬಂದ ಪರದೇಶಿಗಳಿಗೂ ಮೊದಲೇ ನೆಲೆನಿಂತ ದಖ್ಖನಿಗಳಿಗೂ ನಡುವೆ ಬೆಳೆದ ವೈಷಮ್ಯವು ರಾಜ್ಯದ ರಾಜಕೀಯವನ್ನೇ ಎರಡಾಗಿ ಸೀಳಿತು. 1481ರಲ್ಲಿ ಗವಾನನ ತಲೆ ಉರುಳಿದ್ದು ಆ ಕಲಹದ ಪರಿಣಾಮವಾಗಿಯೇ. ಅದೇ ನಗರದ ಹೊರವಲಯದ ಅಷ್ಟೂರಿನಲ್ಲಿ ಅಹಮದ್ ಶಾಹ ವಲಿಯ ಗೋರಿಯನ್ನು ಮುಸ್ಲಿಮರು ಸೂಫಿ ವಲಿಯೆಂದೂ ಲಿಂಗಾಯತರು ಅಲ್ಲಮಪ್ರಭುವೆಂದೂ ಪೂಜಿಸುತ್ತ ಬಂದಿದ್ದಾರೆ. ಹೊರಗಿನವನು ಯಾರು, ಒಳಗಿನವನು ಯಾರು ಎಂಬ ಜಗಳ ಮತ್ತು ಒಂದೇ ಸ್ಥಳವನ್ನು ಹಲವರು ತಮ್ಮದಾಗಿಸಿಕೊಳ್ಳುವ ರೂಢಿ, ಇವೆರಡೂ ಬೀದರ್‌ನಲ್ಲಿ ಜೊತೆಜೊತೆಯಾಗಿ ಬೆಳೆದವು ಎಂಬುದನ್ನು ಮುಂದಿನ ಕಥೆಗೆ ಹಿನ್ನೆಲೆಯಾಗಿ ಗಮನಿಸಬೇಕು.

ಸಿಖ್ ಪರಂಪರೆಯ ಪ್ರಕಾರ, ಹದಿನಾರನೆಯ ಶತಮಾನದ ಆರಂಭದ ವರ್ಷಗಳಲ್ಲಿ ಗುರುನಾನಕರು (1469–1539) ತಮ್ಮ ಎರಡನೆಯ ‘ಉದಾಸಿ’ಯಲ್ಲಿ, ಅಂದರೆ ಮನೆಮಾರು ತೊರೆದು ಕೈಗೊಂಡ ದೀರ್ಘ ಸಂಚಾರದಲ್ಲಿ, ನಾಗಪುರ, ಓಂಕಾರೇಶ್ವರ, ನಾಂದೇಡ್, ಗೋಲ್ಕೊಂಡಗಳ ಮಾರ್ಗವಾಗಿ ಬೀದರ್‌ಗೆ ಬಂದರು. ಜೊತೆಗಿದ್ದವನು ರಬಾಬ್ ನುಡಿಸುವ ಮುಸ್ಲಿಂ ಸಂಗಾತಿ ಮರ್ದಾನಾ. ಊರ ಹೊರಗೆ ತಂಗಿದ್ದ ಅವರ ಬಳಿಗೆ ಪೀರ್ ಜಲಾಲುದ್ದೀನ್ ಮತ್ತು ಯಾಕೂಬ್ ಅಲಿ ಎಂಬ ಫಕೀರರೂ ಊರ ಜನರೂ ಬಂದು, ಎಷ್ಟು ಆಳಕ್ಕೆ ಬಾವಿ ತೋಡಿದರೂ ನೀರು ಸಿಗುವುದಿಲ್ಲ, ಸಿಕ್ಕರೂ ಕುಡಿಯಲು ಬಾರದಷ್ಟು ಸವುಳು ಎಂದು ಹೇಳಿಕೊಂಡರಂತೆ. ನಾನಕರು ‘ಸತ್ ಕರ್ತಾರ್’ ಎಂದು ದೇವರನ್ನು ನೆನೆದು ಮರದ ಪಾದುಕೆಯಿಂದ ಗುಡ್ಡದ ಬುಡವನ್ನು ಮುಟ್ಟಿ ಕಲ್ಲೊಂದನ್ನು ಸರಿಸಿದಾಗ ಸಿಹಿನೀರಿನ ಝರಿ ಚಿಮ್ಮಿತು ಎಂಬುದು ಐತಿಹ್ಯ. ಆ ಕಾಲಕ್ಕೆ ಬಹಮನಿ ಸುಲ್ತಾನ ಮಹಮೂದ್ ಶಾಹನು ಹೆಸರಿಗೆ ಮಾತ್ರ ಸಿಂಹಾಸನದ ಮೇಲಿದ್ದು, ಅಧಿಕಾರವೆಲ್ಲ ಬರೀದ್ ಮನೆತನದ ಕೈಸೇರಿತ್ತು. ಬಿಜಾಪುರ, ಗೋಲ್ಕೊಂಡ, ಅಹಮದ್‌ನಗರಗಳು ಸ್ವತಂತ್ರವಾಗಿ ರಾಜ್ಯವು ಹೋಳಾಗುತ್ತಿದ್ದ ಹೊತ್ತದು.

ಈ ಭೇಟಿಯ ಚಾರಿತ್ರಿಕತೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಾನಕರ ಜೀವನವನ್ನು ತಿಳಿಸುವ ‘ಜನಮ್‌ಸಾಖಿ’ಗಳು ಅವರ ಕಾಲಾನಂತರ ಭಕ್ತರು ಹೇಳಿ, ಕೇಳಿ, ಬರೆದಿಟ್ಟ ಪುಣ್ಯಕಥೆಗಳ ಸಂಕಲನಗಳು, ಅವು ಹೇಳುವ ಪ್ರಯಾಣದ ಕ್ರಮವೂ ಊರುಗಳ ಹೆಸರುಗಳೂ ಒಂದರಿಂದೊಂದಕ್ಕೆ ಬದಲಾಗುತ್ತವೆ. ಡಬ್ಲ್ಯೂ. ಎಚ್. ಮೆಕ್ಲಿಯೋಡ್ ಅವರು 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಥೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ದೂರದೇಶದ ಪ್ರಯಾಣಗಳಲ್ಲಿ ಬಹುಪಾಲನ್ನು ಇತಿಹಾಸವೆಂದು ಸ್ಥಾಪಿಸಲು ಸಾಕಷ್ಟು ಆಧಾರವಿಲ್ಲವೆಂದು ವಾದಿಸಿದರು. ಸಿಖ್ ವಿದ್ವಾಂಸರಲ್ಲಿ ಅನೇಕರು, ಸ್ಥಳೀಯ ಸ್ಮೃತಿಗಳನ್ನೂ ಕ್ಷೇತ್ರಗಳ ಪರಂಪರೆಯನ್ನೂ ಹೀಗೆ ಬದಿಗಿಡುವುದು ಸಲ್ಲದೆಂದು ಅದಕ್ಕೆ ಉತ್ತರ ಕೊಟ್ಟರು. ವಾದ ಏನೇ ಇರಲಿ, ಐತಿಹ್ಯದ ಒಳಗಿರುವ ಸಾಮಾಜಿಕ ಚಿತ್ರ ಗಮನಾರ್ಹವಾದುದು: ನೀರು ಕೇಳಲು ಬರುವವರು ಫಕೀರರು, ನೀರು ಕಾಣಿಸುವವನು ಪರದೇಶಿ ಸಂತ, ಲಾಭ ಪಡೆಯುವುದು ಇಡೀ ಊರು. ಸಂತನೊಬ್ಬನು ಬಂಡೆಯಿಂದ ನೀರು ತರಿಸಿದ ಕಥೆ ಸೂಫಿ, ಶೈವ, ವೈಷ್ಣವ ಪರಂಪರೆಗಳಿಗೂ ಹೊಸದಲ್ಲವಾದ್ದರಿಂದ, ಬೀದರ್‌ನ ಜನರಿಗೆ ಈ ಕಥೆಯನ್ನು ಒಪ್ಪಿಕೊಳ್ಳಲು ಮತಾಂತರದ ಅಗತ್ಯವೇನೂ ಬೀಳಲಿಲ್ಲ.

ನಾನಕರು ದಕ್ಷಿಣಕ್ಕೆ ಬರುವುದಕ್ಕೂ ಮೊದಲೇ ದಖ್ಖನ್ನಿನ ಸಂತನೊಬ್ಬನು ಪಂಜಾಬನ್ನು ಮುಟ್ಟಿದ್ದನು. ಪಂಢರಪುರದ ವಿಠ್ಠಲನ ಭಕ್ತನಾದ ನಾಮದೇವನು ಹದಿನಾಲ್ಕನೆಯ ಶತಮಾನದಲ್ಲಿ ತೀರ್ಥಯಾತ್ರೆ ಮಾಡುತ್ತ ಉತ್ತರಕ್ಕೆ ಹೋಗಿ, ಪಂಜಾಬಿನ ಗುರುದಾಸಪುರ ಸೀಮೆಯ ಘುಮಾಣ್ ಎಂಬ ಊರಲ್ಲಿ ದೀರ್ಘಕಾಲ ನೆಲೆಸಿದ್ದನೆಂದು ಅಲ್ಲಿನ ಪರಂಪರೆ ಹೇಳುತ್ತದೆ. ಐದನೆಯ ಗುರು ಅರ್ಜನದೇವರು 1604ರಲ್ಲಿ ಆದಿಗ್ರಂಥವನ್ನು ಸಂಪಾದಿಸಿದಾಗ ನಾಮದೇವನ 61 ಪದಗಳು ಅದರಲ್ಲಿ ಸೇರಿದವು. ರಬಕವಿ–ಬನಹಟ್ಟಿ, ಜಮಖಂಡಿ, ಮುಧೋಳದಂತಹ ಊರುಗಳಿಂದ ಪಂಢರಪುರದ ವಾರಿಗೆ ಹೊರಡುವ ಭಕ್ತರಿಗೂ, ನಾಮದೇವನನ್ನು ಕುಲಗುರುವಾಗಿ ಕಾಣುವ ಉತ್ತರ ಕರ್ನಾಟಕದ ಶಿಂಪಿ ಸಮಾಜದವರಿಗೂ ಪರಿಚಿತನಾದ ಅದೇ ಸಂತನ ಪದಗಳನ್ನು ಬೀದರ್‌ನ ಗುರುದ್ವಾರದಲ್ಲಿ ಗುರುಮುಖಿ ಲಿಪಿಯ ಗ್ರಂಥದಿಂದ ಹಾಡಲಾಗುತ್ತದೆ. ಸಿಖ್ ಧರ್ಮವು ಬೀದರ್‌ಗೆ ಬಂದಾಗ ಅದರ ಗಂಟಿನಲ್ಲಿ ದಖ್ಖನ್ನಿನ ಪಾಲೂ ಇತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಬರೀದಶಾಹಿಗಳ ಆಳ್ವಿಕೆ 1619ರಲ್ಲಿ ಕೊನೆಗೊಂಡು ಬೀದರ್ ಬಿಜಾಪುರದ ಆದಿಲಶಾಹಿಗಳ ವಶವಾಯಿತು. ಕೃಷ್ಣಾ ಮತ್ತು ಘಟಪ್ರಭಾ ತೀರದ ಜಮಖಂಡಿ, ಮುಧೋಳದ ಸೀಮೆಯೂ ಮಂಜೀರಾ ತೀರದ ಬೀದರ್ ಸೀಮೆಯೂ ಸುಮಾರು ನಾಲ್ಕು ದಶಕಗಳ ಕಾಲ ಒಂದೇ ಸರಕಾರದ ಕೆಳಗಿದ್ದವು. 1657ರಲ್ಲಿ ದಖ್ಖನ್ನಿನ ಸುಬೇದಾರನಾಗಿದ್ದ ಔರಂಗಜೇಬನು ಬೀದರ್ ಕೋಟೆಗೆ ಮುತ್ತಿಗೆ ಹಾಕಿದಾಗ, ಕೋಟೆಯ ಒಳಗಿನ ಮದ್ದಿಗೆ ಬೆಂಕಿ ತಗುಲಿ ಕಿಲ್ಲೇದಾರ ಸಿದ್ದಿ ಮರ್ಜಾನನು ಮಾರಣಾಂತಿಕವಾಗಿ ಗಾಯಗೊಂಡು ಕೋಟೆ ಮೊಘಲರ ಪಾಲಾಯಿತು. ಈ ಬದಲಾವಣೆಯಿಂದ ಬೀದರ್‌ಗೂ ಉತ್ತರ ಹಿಂದುಸ್ತಾನಕ್ಕೂ ನಡುವಿನ ಸಂಪರ್ಕ ಹಿಂದೆಂದಿಗಿಂತ ನೇರವಾಯಿತು. ದಂಡು, ಟಪಾಲು, ವ್ಯಾಪಾರ, ಯಾತ್ರೆ ಎಲ್ಲಕ್ಕೂ ಒಂದೇ ದಾರಿ.

ಬೀದರ್‌ನಿಂದ ಪಂಜಾಬಿಗೆ ಹೋದ ಅತ್ಯಂತ ಪ್ರಸಿದ್ಧ ವ್ಯಕ್ತಿ ಕಾಣಿಸಿಕೊಳ್ಳುವುದು ಈ ಕಾಲದಲ್ಲೇ. 1699ರ ಬೈಸಾಖಿ ಹಬ್ಬದಂದು ಹತ್ತನೆಯ ಗುರು ಗೋವಿಂದ ಸಿಂಗರು ಆನಂದಪುರದ ಸಭೆಯಲ್ಲಿ ಕತ್ತಿ ಹಿರಿದು, ತಲೆ ಕೊಡಲು ಸಿದ್ಧರಿರುವವರು ಯಾರೆಂದು ಕೇಳಿದಾಗ ಒಬ್ಬರ ನಂತರ ಒಬ್ಬರಾಗಿ ಎದ್ದು ನಿಂತ ಐವರನ್ನು ‘ಪಂಜ್ ಪ್ಯಾರೆ’, ಅಂದರೆ ಐವರು ಪ್ರಿಯರು, ಎಂದು ಕರೆಯುತ್ತಾರೆ. ಖಾಲ್ಸಾ ಎಂಬ ದೀಕ್ಷಾಬದ್ಧ ಸಮುದಾಯ ಹುಟ್ಟಿದ್ದು ಇವರಿಂದ. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಜಗನ್ನಾಥಪುರಿಯ ನೀರು ಹೊರುವವ, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವವ ಇವರ ಜೊತೆ ಐದನೆಯವನು ಬೀದರ್‌ನ ಕ್ಷೌರಿಕ ಸಾಹಿಬ್ ಚಂದ್. ದೀಕ್ಷೆಯ ನಂತರ ಭಾಯಿ ಸಾಹಿಬ್ ಸಿಂಗ್ ಎಂಬ ಹೆಸರು ಪಡೆದ ಆತನು ಚಮ್ಕೌರಿನ ಕಾಳಗದಲ್ಲಿ ಪ್ರಾಣಬಿಟ್ಟನು. ಪರಂಪರೆಯು ಆತನ ತಂದೆಯನ್ನು ಗುರು ನಾರಾಯಣನೆಂದೂ ತಾಯಿಯನ್ನು ಅಂಕಮ್ಮನೆಂದೂ ಹೆಸರಿಸುತ್ತದೆ. ಆದರೆ ಆತನನ್ನು ಪಂಜಾಬಿನ ಹೋಶಿಯಾರಪುರ ಸೀಮೆಯವನೆನ್ನುವ ಇನ್ನೊಂದು ಪಾಠವೂ ಉಂಟು. ಐವರ ಊರುಗಳು ದೇಶದ ನಾಲ್ಕೂ ದಿಕ್ಕುಗಳಿಗೆ ಅಚ್ಚುಕಟ್ಟಾಗಿ ಹರಡಿಕೊಂಡಿರುವುದು ಖಾಲ್ಸಾದ ವ್ಯಾಪ್ತಿಯನ್ನು ಸೂಚಿಸುವ ಸಂಕೇತವಿರಬಹುದೆಂದು ಶಂಕಿಸುವವರೂ ಇದ್ದಾರೆ. ಬೀದರ್‌ನ ಸಿಖ್ಖರಿಗೆ ಮಾತ್ರ ಆತನು ಈ ಮಣ್ಣಿನ ಮಗ. ಹನ್ನೆರಡನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಬಸವಣ್ಣನ ಆಪ್ತನಾಗಿದ್ದ ಹಡಪದ ಅಪ್ಪಣ್ಣನನ್ನು ತನ್ನ ಹಿರಿಯನೆಂದು ಭಾವಿಸುವ ಕ್ಷೌರಿಕ ಸಮಾಜ ಈ ನಾಡಿನಲ್ಲಿರುವುದರಿಂದ, ಕೀಳೆಂದು ಎಣಿಸಲಾದ ಕಾಯಕದವನೊಬ್ಬ ಧರ್ಮದ ಮುಂಚೂಣಿಗೆ ಬರುವ ಕಥೆ ಇಲ್ಲಿನ ಕಿವಿಗೆ ಅಪರಿಚಿತವಾಗಿ ಕೇಳಿಸುವುದಿಲ್ಲ.

ಒಂಬತ್ತು ವರ್ಷಗಳಲ್ಲಿ ದಾರಿಯ ದಿಕ್ಕು ಮತ್ತೆ ತಿರುಗಿತು. ಬಹದ್ದೂರ್ ಶಾಹ ಚಕ್ರವರ್ತಿಯ ದಂಡಿನೊಂದಿಗೆ ದಕ್ಷಿಣಕ್ಕೆ ಬಂದ ಗುರು ಗೋವಿಂದ ಸಿಂಗರು 1708ರ ಅಕ್ಟೋಬರಿನಲ್ಲಿ ಗೋದಾವರಿ ತೀರದ ನಾಂದೇಡಿನಲ್ಲಿ ತೀರಿಕೊಂಡರು. ಇನ್ನು ಮುಂದೆ ಮನುಷ್ಯ ಗುರುವಿಲ್ಲ, ಗ್ರಂಥವೇ ಗುರು ಎಂಬ ಘೋಷಣೆಯೂ ಅಲ್ಲಿಯೇ ಆಯಿತೆಂಬುದು ಸಿಖ್ಖರ ನಂಬಿಕೆ. ನಾಂದೇಡಿನಲ್ಲಿ ಗುರುವಿನಿಂದ ದೀಕ್ಷೆ ಪಡೆದ ಬಂದಾ ಸಿಂಗನು ಉತ್ತರಕ್ಕೆ ಹೊರಟು 1710ರಲ್ಲಿ ಸರ್ಹಿಂದನ್ನು ಗೆದ್ದು ಪಂಜಾಬಿನ ಇತಿಹಾಸವನ್ನೇ ಬದಲಿಸಿದರೆ, ಗುರುವಿನ ಹಿಂದೆ ದಕ್ಷಿಣಕ್ಕೆ ಬಂದಿದ್ದ ವೀರಮಹಿಳೆ ಮಾಯಿ ಭಾಗೋ ಇತ್ತಲೇ ಉಳಿದಳು. 1705ರ ಕೊನೆಯಲ್ಲಿ, ಇಂದು ಮುಕ್ತಸರ ಎನಿಸಿಕೊಂಡಿರುವ ಸ್ಥಳದಲ್ಲಿ, ಒಮ್ಮೆ ಗುರುವನ್ನು ತೊರೆದು ಹೋಗಿದ್ದ 40 ಮಂದಿಯನ್ನು ಹಂಗಿಸಿ ಯುದ್ಧಕ್ಕೆ ಮರಳಿ ಕರೆತಂದವಳೆಂದು ಖ್ಯಾತಳಾದ ಆಕೆ, ಗುರುವಿನ ಮರಣಾನಂತರ ಬೀದರ್ ತಾಲ್ಲೂಕಿನ ಜನವಾಡದಲ್ಲಿ ನೆಲೆಸಿ ಧ್ಯಾನದಲ್ಲಿ ಕೊನೆಗಾಲ ಕಳೆದಳು ಎನ್ನಲಾಗಿದೆ. ಆಕೆ ತಪಸ್ಸು ಮಾಡಿದ ಗುಡಿಸಲು ಇಂದು ಗುರುದ್ವಾರವಾಗಿದೆ. ಭಾಯಿ ಸಾಹಿಬ್ ಸಿಂಗನ ಹೆಸರಿನ ಗುರುದ್ವಾರವೂ ಬೀದರ್ ಪರಿಸರದಲ್ಲಿರುವುದರಿಂದ, ನಾನಕ ಝೀರಾ ಒಂಟಿ ಕ್ಷೇತ್ರವಾಗಿ ಉಳಿಯದೆ, ನಾಂದೇಡಿನಿಂದ ಇಳಿದು ಬರುವ ಯಾತ್ರಾಮಾರ್ಗದ ಒಂದು ಗುಂಪಿನ ಮುಖ್ಯ ಕ್ಷೇತ್ರವಾಗಿ ಬೆಳೆಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಯಾತ್ರಿಕರ ಜೊತೆಗೆ ನೆಲೆನಿಲ್ಲುವ ಜನರೂ ಬಂದರು. ಆ ವೇಳೆಗೆ ಬೀದರನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮನ ದಿವಾನನಾಗಿದ್ದ ಚಂದೂಲಾಲನು ನಾನಕರಲ್ಲಿ ಭಕ್ತಿಯುಳ್ಳ ಖತ್ರಿ ಮನೆತನದವನು. ಅರಬ್ಬರೂ ರೋಹಿಲ್ಲರೂ ತುಂಬಿದ್ದ ಬಾಡಿಗೆ ಪಡೆಗಳಿಂದ ಕಂಗೆಟ್ಟಿದ್ದ ಹೈದರಾಬಾದ್ ಸಂಸ್ಥಾನಕ್ಕೆ ನಂಬಿಕಸ್ಥ ಸೈನಿಕರನ್ನು ಒದಗಿಸಬೇಕೆಂದು ಆತನು ಕೇಳಿಕೊಂಡ ಮೇಲೆ ಮಹಾರಾಜ ರಣಜಿತ್ ಸಿಂಗನು 1832ರ ಸುಮಾರಿಗೆ ಪಂಜಾಬಿನಿಂದ ಪಡೆಯೊಂದನ್ನು ಕಳಿಸಿಕೊಟ್ಟನು. ‘ಲಾಹೋರಿ ಫೌಜ್’ ಎಂದು ಹೆಸರಾದ ಈ ಸೈನಿಕರು ಹೈದರಾಬಾದಿನ ಅತ್ತಾಪುರ ಬಳಿಯ ಬರಂಬಾಲಾದಲ್ಲಿ ಬಿಡಾರ ಹೂಡಿದರು. ಕಂದಾಯ ವಸೂಲಿ, ಖಜಾನೆಯ ಕಾವಲು, ಗಡಿಯ ರಕ್ಷಣೆ ಅವರ ಕೆಲಸ. ಅದೇ ವರ್ಷಗಳಲ್ಲಿ ನಾಂದೇಡಿನ ಸಮಾಧಿಯ ಮೇಲೆ ಈಗಿರುವ ಕಟ್ಟಡವನ್ನೂ ರಣಜಿತ್ ಸಿಂಗನ ನೆರವಿನಿಂದ ಕಟ್ಟಲಾಯಿತು. ಪಡೆಯವರಲ್ಲಿ ಹಲವರು ಇಲ್ಲಿಯೇ ಸಂಸಾರ ಹೂಡಿದರು. ದಖ್ಖನಿ ಸಿಖ್ಖರೆಂದು ಕರೆಯಲ್ಪಡುವ ಅವರ ಸಂತತಿ ಮನೆಯಲ್ಲಿ ದಖ್ಖನಿ ಉರ್ದುವನ್ನೋ ಆಯಾ ಸೀಮೆಯ ಭಾಷೆಯನ್ನೋ ಆಡುತ್ತ, ಗುರುಮುಖಿಯನ್ನು ಗ್ರಂಥಪಠಣಕ್ಕಾಗಿ ಕಲಿಯುತ್ತ ಬಂತು. ಕಬ್ಬಿಣ ಕಾಸಿ ಕತ್ತಿ, ಚಾಕು, ಬಕೆಟ್, ಬಾಣಲೆ ಮಾಡಿ ಊರೂರು ಸುತ್ತುವ ಸಿಕ್ಲಿಗರ್ ಸಿಖ್ಖರು ದಖ್ಖನ್ನಿಗೆ ಒಗ್ಗಿಕೊಂಡ ಇನ್ನೊಂದು ಗುಂಪು. ಬೀದರ್ ಮತ್ತು ನಾಂದೇಡ್ ಎರಡೂ ನಿಜಾಮನ ಆಳ್ವಿಕೆಯಲ್ಲೇ ಇದ್ದುದರಿಂದ ಈ ಎಲ್ಲರಿಗೂ ಝೀರಾದ ತಗ್ಗು ಸುಲಭವಾಗಿ ತಲುಪುವ ತೀರ್ಥವಾಯಿತು.

ಝರಿಯ ಬಳಿಯ ಪೂಜಾಸ್ಥಳವು ವ್ಯವಸ್ಥಿತ ಗುರುದ್ವಾರವಾದದ್ದು ಈ ಚರಿತ್ರೆಯ ದೊಡ್ಡ ತಿರುವು, ಮತ್ತು ಅದು ಸಂಭವಿಸಿದ ವರ್ಷ 1948. ದೇಶ ಇಬ್ಭಾಗವಾಗಿ ಪಶ್ಚಿಮ ಪಂಜಾಬಿನ ಸಿಖ್ಖರು ನೆಲೆ ಕಳೆದುಕೊಂಡು ಭಾರತದಾದ್ಯಂತ ಚದುರಿಹೋಗಿದ್ದ ಕಾಲವದು. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮನ ಪರ ನಿಂತ ರಜಾಕಾರರೆಂಬ ಪಡೆಯ ದಾಳಿಗಳಿಂದ ಹಳ್ಳಿಗಳು ತತ್ತರಿಸಿದ್ದವು. ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯಿಂದ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಸೇಡು ಮುಸ್ಲಿಮರ ಕಡೆ ತಿರುಗಿತು. ಆ ಹಿಂಸೆಯನ್ನು ವಿಚಾರಿಸಲು ಬಂದ ಪಂಡಿತ ಸುಂದರಲಾಲ್ ಸಮಿತಿಯು ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಉಸ್ಮಾನಾಬಾದ್, ಗುಲ್ಬರ್ಗ ಮತ್ತು ನಾಂದೇಡ್ ಜೊತೆಗೆ ಬೀದರ್ ಕೂಡ ಇತ್ತು. ಊರ ಬದುಕೆಲ್ಲ ಅಲ್ಲಾಡಿದ ಆ ವರ್ಷವೇ ಗುರುದ್ವಾರದ ಕಟ್ಟಡದ ವರ್ಷವೂ ಆದದ್ದು ಆಕಸ್ಮಿಕವಾಗಿ ಕಾಣಬಹುದು. ಆದರೆ ಹೊಸ ಗಡಿಯ ಆಚೆ ನಾನಕರ ಜನ್ಮಸ್ಥಳವಾದ ನನಕಾನಾ ಸಾಹಿಬ್ ಉಳಿದುಹೋಗಿ, ಅಲ್ಲಿಗೆ ಮುಕ್ತವಾಗಿ ಹೋಗಿಬರುವ ದಾರಿ ಸಿಖ್ಖರ ಪಾಲಿಗೆ ಮುಚ್ಚಿದಾಗ, ಭಾರತದೊಳಗೆ ನಾನಕರ ಹೆಜ್ಜೆಗುರುತಿರುವ ಪ್ರತಿಯೊಂದು ಸ್ಥಳಕ್ಕೂ ಹೊಸ ಬೆಲೆ ಬಂದಿತೆಂಬುದನ್ನು ಮರೆಯುವಂತಿಲ್ಲ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿಗೂ, ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೂ ಹೋಗಿ, ಬೀದರ್, ಭಾಲ್ಕಿ, ಹುಮನಾಬಾದ್, ಔರಾದ, ಕಲ್ಯಾಣ ಮೈಸೂರು ರಾಜ್ಯಕ್ಕೆ ಸೇರಿದವು. ನಾಂದೇಡಿನ ಗುರುದ್ವಾರಕ್ಕೆ ಅದೇ ವರ್ಷ ಪ್ರತ್ಯೇಕ ಕಾನೂನು ಬಂದರೆ, ಪಂಜಾಬಿನ 1925ರ ಗುರುದ್ವಾರ ಕಾಯಿದೆಯ ವ್ಯಾಪ್ತಿಯಿಂದಲೂ ಹೊರಗಿದ್ದ ಬೀದರ್‌ನ ಕ್ಷೇತ್ರವನ್ನು ಸ್ಥಳೀಯ ಪ್ರಬಂಧಕ ಸಮಿತಿಯೇ ನಡೆಸಿಕೊಂಡು ಬಂದಿತು. ಈ ಸ್ವಾಯತ್ತತೆಯಿಂದಾಗಿ ಅದು ಬೀದರ್‌ನ ಅಗತ್ಯಗಳಿಗೆ ಹೊಂದಿಕೊಂಡು ಬೆಳೆಯಲು ಸಾಧ್ಯವಾಯಿತು.

ಕಟ್ಟಡದ ವಿನ್ಯಾಸದಲ್ಲಿ ಈ ಚರಿತ್ರೆಯ ಎಳೆಗಳನ್ನು ಓದಬಹುದು. ಸಿಖ್ ವಾಸ್ತುವು ಮೊಘಲರಿಂದ ದಳದಳವಾದ ಕಮಾನನ್ನೂ, ರಜಪೂತರಿಂದ ಕಂಬಗಳ ಮೇಲೆ ನಿಂತ ಪುಟ್ಟ ಮಂಟಪವಾದ ಛತ್ರಿಯನ್ನೂ ಪಡೆದು, ಕಮಲದ ಪೀಠದ ಮೇಲೆ ಕೂರಿಸಿದ ಏಣುಗೆರೆಯ ಗುಮ್ಮಟದಿಂದ ತನ್ನದೇ ಆದ ಮುದ್ರೆ ಪಡೆಯಿತು. ಬೀದರ್‌ನ ಬಿಳಿಯ ಕಟ್ಟಡವೂ ಇದೇ ಪಂಜಾಬಿ ಮಾದರಿಯನ್ನು ಅನುಸರಿಸುತ್ತದೆ. ಮುಂದೆ ಎತ್ತರದ ಕಂಬದಲ್ಲಿ ಹಾರುವ ಕೇಸರಿ ಧ್ವಜ ‘ನಿಶಾನ್ ಸಾಹಿಬ್’. ಇಲ್ಲಿ ಅನ್ನವೂ ಆಶ್ರಯವೂ ಸಿಗುತ್ತದೆ ಎಂದು ಅದು ದೂರದ ಪ್ರಯಾಣಿಕನಿಗೆ ತಿಳಿಸುತ್ತದೆ. ಕೈಕಾಲು ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದರೆ ದರ್ಬಾರ್ ಸಾಹಿಬ್ ಎಂಬ ಸಭಾಂಗಣ, ಅಲ್ಲಿ ವಿಗ್ರಹವಿಲ್ಲ. ಮೇಲ್ಗಟ್ಟಿನ ಕೆಳಗೆ ರೇಷ್ಮೆ ವಸ್ತ್ರ ಹೊದಿಸಿದ ಗುರುಗ್ರಂಥ ಸಾಹಿಬ್, ಹಿಂದೆ ಚಾಮರ ಬೀಸುವ ಸೇವಕ. ಬೆಳಗಿನ ಜಾವ ಗ್ರಂಥವನ್ನು ತಲೆಯ ಮೇಲೆ ಹೊತ್ತು ತಂದು ತೆರೆಯುವ ವಿಧಿಗೆ ‘ಪ್ರಕಾಶ್’ ಎಂದೂ, ರಾತ್ರಿ ಅದನ್ನು ಮುಚ್ಚಿ ಮಲಗುವ ಕೋಣೆಗೆ ಒಯ್ಯುವ ವಿಧಿಗೆ ‘ಸುಖಾಸನ’ ಎಂದೂ ಹೆಸರು. ಗ್ರಂಥವನ್ನು ಜೀವಂತ ಗುರುವೆಂದು ನಡೆಸಿಕೊಳ್ಳುವ ಈ ಕ್ರಮಕ್ಕೆ ತಕ್ಕಂತೆಯೇ ಕಟ್ಟಡದ ಕೋಣೆಗಳ ಏರ್ಪಾಡಿದೆ.

ಪಂಜಾಬಿನ ಮಾದರಿ ಇಲ್ಲಿ ಬೀದರ್‌ನ ನೆಲಕ್ಕೆ ಬಾಗಿರುವುದು ನೀರಿನ ವಿಷಯದಲ್ಲಿ. ಅಮೃತಸರದಲ್ಲಿ ಮೊದಲು ಸರೋವರ ತೋಡಿ ಅದರ ನಡುವೆ ಮಂದಿರ ಕಟ್ಟಿದರೆ, ಬೀದರ್‌ನಲ್ಲಿ ಝರಿ ಹೊರಬೀಳುವ ಬಂಡೆಯ ಬುಡವೇ ಇಡೀ ವಿನ್ಯಾಸವನ್ನು ನಿರ್ಧರಿಸಿದೆ. ಕೆಂಪು ಜಂಬಿಟ್ಟಿಗೆಯ ಸಂದಿನಿಂದ ಒಸರುವ ನೀರನ್ನು ಮೊದಲು ‘ಅಮೃತ ಕುಂಡ’ವೆಂಬ ಸಣ್ಣ ಕೊಳದಲ್ಲಿ ಹಿಡಿದು, ಅಲ್ಲಿಂದ ಸ್ನಾನದ ಸರೋವರಕ್ಕೆ ಬಿಡಲಾಗುತ್ತದೆ. ನುಣುಪಾದ ಬಿಳಿಯ ಗೋಡೆಗೂ ಒರಟಾದ ಕೆಂಪು ಬಂಡೆಗೂ ಕೆಲವೇ ಹೆಜ್ಜೆಗಳ ಅಂತರ. ಭಕ್ತರು ಬೊಗಸೆಯಲ್ಲಿ ಕುಡಿದು, ಬಾಟಲಿಗಳಲ್ಲಿ ತುಂಬಿಕೊಂಡು ಊರಿಗೆ ಒಯ್ಯುವುದು ಈ ಕುಂಡದ ನೀರನ್ನು. ಸಿಖ್ ಮಂದಿರಗಳಿಗೆ ನಾಲ್ಕೂ ದಿಕ್ಕಿಗೆ ಬಾಗಿಲಿರಬೇಕು, ನಾಲ್ಕು ವರ್ಣಗಳಿಗೂ ಪ್ರವೇಶವಿದೆ ಎಂಬುದಕ್ಕೆ ಅದು ಗುರುತು ಎಂಬ ಆದರ್ಶವಿದೆ. ಇದೇ ಬೀದರ್‌ನಲ್ಲಿ 1577ರ ಸುಮಾರಿಗೆ ಪೂರ್ಣಗೊಂಡ ಅಲಿ ಬರೀದನ ಗೋರಿಯೂ ಗೋಡೆಗಳಿಲ್ಲದೆ ನಾಲ್ಕೂ ಕಡೆ ತೆರೆದ ಕಮಾನುಗಳ ಮೇಲೆ ಗುಮ್ಮಟ ಹೊತ್ತು ನಿಂತಿದೆ. ಎರಡರ ಉದ್ದೇಶ ಬೇರೆಯಾದರೂ, ಗುಮ್ಮಟಗಳ ಈ ಊರಿನ ದಿಗಂತದಲ್ಲಿ ಗುರುದ್ವಾರ ಪರಕೀಯವಾಗಿ ಕಾಣದಿರಲು ಇಂತಹ ನೆರೆಹೊರೆಯೂ ಒಂದು ಕಾರಣ.

ಗುರುದ್ವಾರದ ನಿತ್ಯಜೀವನದ ಕೇಂದ್ರ ಲಂಗರ್. ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಣ್ಣುವ ‘ಪಂಗತ್’ ಪದ್ಧತಿಯನ್ನು ಮೂರನೆಯ ಗುರು ಅಮರದಾಸರು ಕಡ್ಡಾಯ ನಿಯಮವಾಗಿಸಿದರೆಂದು ಪ್ರತೀತಿ. ಬೀದರ್‌ನ ಲಂಗರಿನಲ್ಲಿ ರೊಟ್ಟಿ ಬಡಿಯುವವರು, ದಾಲ್ ಕುದಿಸುವವರು, ತಟ್ಟೆ ತೊಳೆಯುವವರು ಬಹುಪಾಲು ಸೇವೆಗೆಂದು ಬಂದ ಭಕ್ತರೇ. ಬಡಿಸುವವನು ಬಾಗಿ ರೊಟ್ಟಿ ನೀಡುವಾಗ ಉಣ್ಣುವವನು ಎರಡೂ ಕೈ ಚಾಚಿ ಅದನ್ನು ಪ್ರಸಾದವೆಂದು ಸ್ವೀಕರಿಸುವುದು ಇಲ್ಲಿನ ಶಿಷ್ಟಾಚಾರ, ತಟ್ಟೆಯಲ್ಲಿ ಬಿಡುವಂತಿಲ್ಲ. ಲಾರಿ ಚಾಲಕರು, ಜಿಲ್ಲಾ ಆಸ್ಪತ್ರೆಗೆ ಬಂದ ರೋಗಿಗಳ ಕಡೆಯವರು, ಹಳ್ಳಿಯಿಂದ ಕಚೇರಿ ಕೆಲಸಕ್ಕೆ ಬಂದವರು ಜಾತಿಮತದ ವಿಚಾರಣೆಯಿಲ್ಲದೆ ಅಲ್ಲಿ ಕೂರುತ್ತಾರೆ. ಶರಣರ ದಾಸೋಹವನ್ನು ಬಲ್ಲ ಕಲ್ಯಾಣದ ನೆಲಕ್ಕೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿಖ್ಖರ ಹೊಸ ಅಲೆಯೊಂದು ಬೀದರ್‌ಗೆ ಬಂತು. ವಾಯುಪಡೆಯ ತರಬೇತಿ ಕೇಂದ್ರದಿಂದಾಗಿ ಉತ್ತರದ ಸೈನಿಕ ಕುಟುಂಬಗಳು ಇಲ್ಲಿ ಇರತೊಡಗಿದವು. ನಾನಕ ಝೀರಾ ಸಾಹೇಬ್ ಪ್ರತಿಷ್ಠಾನವು 1980ರಲ್ಲಿ ಗುರುನಾನಕ ದೇವ್ ಎಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಿಗೆ ಕರ್ನಾಟಕ ಹೆಸರಾಗಿದ್ದ ಆ ದಿನಗಳಲ್ಲಿ ಪಂಜಾಬ್, ದೆಹಲಿ, ಹರಿಯಾಣಗಳಿಂದ ನೂರಾರು ಸಿಖ್ ವಿದ್ಯಾರ್ಥಿಗಳು ಬೀದರ್‌ನಲ್ಲಿ ಕೋಣೆ ಬಾಡಿಗೆ ಹಿಡಿದು ನೆಲೆಸಿದರು. ಕೈಯಲ್ಲಿ ಹಣವಿದ್ದ, ಭಾಷೆ ಬಾರದ, ಗುಂಪಾಗಿ ಓಡಾಡುವ ಹೊರಗಿನ ಯುವಕರಿಗೂ ಹಿಂದುಳಿದ ಜಿಲ್ಲೆಯ ಸ್ಥಳೀಯರಿಗೂ ನಡುವೆ ಕಸಿವಿಸಿ ಬೆಳೆಯಿತು. ಪಂಜಾಬಿನ ಉಗ್ರವಾದ ಮತ್ತು 1984ರ ದೆಹಲಿಯ ಹತ್ಯಾಕಾಂಡದ ನಂತರ ದೇಶದೆಲ್ಲೆಡೆ ಸಿಖ್ಖರತ್ತ ತಿರುಗಿದ್ದ ಸಂಶಯದ ದೃಷ್ಟಿ ಅದಕ್ಕೆ ತುಪ್ಪ ಸುರಿಯಿತು. 1988ರ ಸೆಪ್ಟೆಂಬರಿನಲ್ಲಿ ಭುಗಿಲೆದ್ದ ಹಿಂಸೆಯಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿಗಳಾಗಿ, ಕೆಲವರು ಕೊಲೆಯಾದರು. ಅನೇಕರು ಓದನ್ನು ಅರ್ಧಕ್ಕೆ ಬಿಟ್ಟು ಊರು ತೊರೆದರು. ಐದು ಶತಮಾನಗಳ ಹಿಂದೆ ಗವಾನನ ಕೊರಳಿಗೆ ಬಂದ ಒಳಗಿನವ–ಹೊರಗಿನವ ಎಂಬ ಭೇದ ಬೀದರ್‌ನಲ್ಲಿ ಸತ್ತಿರಲಿಲ್ಲ ಎಂಬುದನ್ನು ಆ ದಿನಗಳು ತೋರಿಸಿದವು.

ಆ ಆಘಾತದ ನಂತರವೂ ಕಾಲೇಜು ಮುಚ್ಚಲಿಲ್ಲ, ಲಂಗರಿನ ಒಲೆ ಆರಲಿಲ್ಲ. ಮುಂದಿನ ದಶಕಗಳಲ್ಲಿ ಕಾಲೇಜಿನ ತರಗತಿಗಳಲ್ಲಿ ಬೀದರ್ ಮತ್ತು ಕಲಬುರ್ಗಿಯ ಮಕ್ಕಳು ಹೆಚ್ಚಾದರು. ಆಸ್ಪತ್ರೆ, ಶಾಲೆ, ವಸತಿಗೃಹಗಳು ಜೊತೆಗೂಡಿದವು. ಒಂಬತ್ತನೆಯ ಗುರು ತೇಗ್ ಬಹದ್ದೂರರ ಸ್ಮರಣಾರ್ಥ ಸಿಖ್ ಇತಿಹಾಸವನ್ನು ಚಿತ್ರಗಳಲ್ಲಿ ಹೇಳುವ ವಸ್ತುಸಂಗ್ರಹಾಲಯ ಬಂದಿತು. ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ 1940ರ ದಶಕದಲ್ಲಿ ಎದ್ದ ಗುರುದ್ವಾರದಂತಹವು, ಕೆಲಸಕ್ಕಾಗಿ ಬಂದ ಸಿಖ್ಖರು ತಮ್ಮ ‘ಸಂಗತ್’, ಅಂದರೆ ಸತ್ಸಂಗದ ಅಗತ್ಯಕ್ಕಾಗಿ ಕಟ್ಟಿಕೊಂಡವು. ಅಲ್ಲಿ ಸಮುದಾಯ ಮೊದಲು, ಮಂದಿರ ಆಮೇಲೆ. ಬೀದರ್‌ನಲ್ಲಿ ಕ್ರಮ ತಿರುವುಮುರುವು. ಇಲ್ಲಿ ಸ್ಥಳದ ಸ್ಮೃತಿಯೇ ಮೊದಲಿದ್ದು, ಅದು ಫೌಜಿನವರನ್ನೂ, ಯಾತ್ರಿಕರನ್ನೂ, ನಿರಾಶ್ರಿತರನ್ನೂ, ವಿದ್ಯಾರ್ಥಿಗಳನ್ನೂ ಕಾಲಕಾಲಕ್ಕೆ ತನ್ನ ಸುತ್ತ ಸೇರಿಸಿಕೊಂಡಿತು. ಹೀಗಾಗಿ ಅದರ ಭಾರ ಎರಡು ಪಟ್ಟು: ದೇಶದ ಸಿಖ್ಖರಿಗೆಲ್ಲ ಅದು ತೀರ್ಥ, ಬೀದರ್‌ನಲ್ಲಿ ನೆಲೆಸಿದ ಕೆಲವೇ ಕುಟುಂಬಗಳಿಗೆ ಮದುವೆ, ನಾಮಕರಣ, ಅಂತ್ಯಪ್ರಾರ್ಥನೆಗಳು ನಡೆಯುವ ಊರಮನೆ.

ಇಂದು ಈ ಕ್ಷೇತ್ರದ ಮುಂದಿರುವ ದೊಡ್ಡ ಪ್ರಶ್ನೆ ಮತ್ತೆ ನೀರಿನದೇ. ಝರಿ ಹರಿಯುವುದು ಪ್ರಸ್ಥಭೂಮಿಯ ಮೇಲೆ ಬಿದ್ದ ಮಳೆ ಜಂಬಿಟ್ಟಿಗೆಯೊಳಗೆ ಇಂಗಿದರೆ ಮಾತ್ರ. ಮೇಲ್ಗಡೆಯ ಬಯಲು ಬಡಾವಣೆಗಳಾಗಿ, ಡಾಂಬರು ಮತ್ತು ಕಾಂಕ್ರೀಟು ನೆಲವನ್ನು ಮುಚ್ಚಿ, ಕೊಳವೆಬಾವಿಗಳು ಒಡಲಿನ ನೀರನ್ನು ಎಳೆದುಕೊಳ್ಳುತ್ತ ಹೋದಷ್ಟೂ ಪಾಪನಾಶ, ಝರಣಿ ನರಸಿಂಹ, ನಾನಕ ಝೀರಾ ಮೂರಕ್ಕೂ ಒಂದೇ ಅಪಾಯ. ನೌಬಾದ್‌ನ ಸುರಂಗ ಬಾವಿಯ ಹೂಳು ತೆಗೆದು ಅದನ್ನು ಉಳಿಸಿಕೊಳ್ಳಲು ನಡೆದ ಪ್ರಯತ್ನಗಳು ಈ ಅರಿವು ಮೂಡಿರುವುದರ ಲಕ್ಷಣ. ಒಂದೇ ಜಲಪದರವನ್ನು ನೆಚ್ಚಿಕೊಂಡ ಶೈವ, ವೈಷ್ಣವ, ಸಿಖ್ ಕ್ಷೇತ್ರಗಳು ತಮ್ಮ ತೀರ್ಥವನ್ನು ಬೇರೆಬೇರೆಯಾಗಿ ಕಾಪಾಡಿಕೊಳ್ಳುವುದು ಭೂಮಿಯ ರಚನೆಯಿಂದಲೇ ಅಸಾಧ್ಯ. ಯಾತ್ರಿಕರು ಎಲ್ಲಿಂದಲಾದರೂ ಬರಬಹುದು. ಅವರಿಗೆ ಕೊಡುವ ನೀರು ಮಾತ್ರ ಬೀದರ್‌ನದೇ ಆಗಿರುವುದರಿಂದ, ಈ ಗುರುದ್ವಾರದ ಮುಂದಿನ ಚರಿತ್ರೆಯನ್ನು ಬರೆಯುವ ಹೊಣೆ ಗುಡ್ಡದ ಮೇಲಿನ ಊರಿಗೂ ತಗ್ಗಿನ ಸಂಗತ್‌ಗೂ ಸಮನಾಗಿ ಸೇರಿದೆ.